ಮಿಲ್ಟ್ರಿ ಜೀಪಿನ ಉಸಿರು

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘ ಹುಟ್ಟಿದ ಕಥೆ, ಕಟ್ಟಡದ ಕಥೆ, ಸಾಲ ವಸೂಲಿಯ ಕಥೆ ಎಲ್ಲವನ್ನೂ ತಿಳಿದವರು ಬರೆಯುತ್ತಾರೆ. ನಾವು ಮೂರು ನಾಲ್ಕು ಜನ ಗೋದಾಮಿನ ಪಕ್ಕದ ಮಾಡಿನಡಿ ನಿಂತಿರುವ ಹಳೇ ಮಿಲ್ಟ್ರಿ ಜೀಪಿನ ಬಗ್ಗೆ, ಅದರಲ್ಲೂ ಅದರ ಎಂಜಿನ್ನಿನ ಒಂದು ಗೇಣುದ್ದದ ಕೊಳವೆಯ ಬಗ್ಗೆ ಬರೆಯೋಣ ಎಂದುಕೊಂಡೆವು. ಓದುಗರು ನಗಬಾರದು. ಆ ಕೊಳವೆಗೂ ಒಂದು ಇತಿಹಾಸವಿದೆ.

ಈ ಜೀಪನ್ನು ಊರಿನಲ್ಲಿ ಅರಿಯದವರಿಲ್ಲ. ಬಸ್ಸು ಬಾರದ ಮಳೆಗಾಲದಲ್ಲಿ ಹೆರಿಗೆ ನೋವಿನ ಹೆಂಗಸರನ್ನು ಪೇಟೆ ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಜೀಪು. ಸಂಘದ ಮೊದಲ ವರ್ಷ ಗೊಬ್ಬರದ ಚೀಲ ಬಂದದ್ದೂ ಇದರ ಹಿಂದೆ ಕಟ್ಟಿದ ಟ್ರೈಲರಿನಲ್ಲಿ. ಹಳ್ಳ ತುಂಬಿದಾಗ, “ಇಳಿಸಿ ಮಾರಾಯ್ರೆ, ಇದು ಯುದ್ಧಕ್ಕೆ ಹೋಗಿ ಬಂದ ಗಾಡಿ” ಎಂದು ಹಿರಿಯರು ಧೈರ್ಯ ಹೇಳುತ್ತಿದ್ದದ್ದು ನಮಗೆ ನೆನಪಿದೆ. ಕೊನೆಕೊನೆಗೆ ಮಾತ್ರ ಜೀಪು ನಿಂತಲ್ಲೆಲ್ಲ ಎಣ್ಣೆ ಸುರಿಸತೊಡಗಿತು. ಕ್ಲಚ್ಚಿಗೆ ಎಣ್ಣೆ ತಾಗಿ ಏರಿನಲ್ಲಿ ಜಾರಿತು. ಎಣ್ಣೆ ಹೊಯ್ಯುವ ಬಾಯಿಯಿಂದ ಹೊಗೆ ಬಂತು. “ಬ್ಯಾಕ್ ಕಂಪ್ರೆಷನ್ ಬಂದಿದೆ, ರಿಬೋರ್ ಮಾಡಿಸಬೇಕು” ಎಂದರು ಪೇಟೆಯ ಮೇಸ್ತ್ರಿ. ಅವರು ಹೇಳಿದ ಖರ್ಚು ಕೇಳಿ ಮನೆಯವರು ಗುಜರಿಗೆ ಕೊಡಲು ಹೊರಟರು. ಬೆಳ್ಳಿಹಬ್ಬದ ಮೆರವಣಿಗೆಗಾದರೂ ಇರಲಿ ಎಂದು ಬೇಡಿ ನಾವು ತಡೆದೆವು.

ಮೊದಲು ಜೀಪಿನ ಪೂರ್ವೋತ್ತರ ತಿಳಿಯೋಣ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕಾಯಿತು. ಮೊದಲ ಮಾದರಿಯನ್ನು ಮಾಡಿ ಒಪ್ಪಿಸಿದ್ದು ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ದೊಡ್ಡ ಆರ್ಡರು ಹೋದದ್ದು ಒಹಾಯೋದ ಟೊಲೆಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಗೆ ಮತ್ತು ಫೋರ್ಡ್ ಕಂಪನಿಗೆ. 1941ರಿಂದ 1945ರೊಳಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದರು. ವಿಲ್ಲಿಸ್ ಮಾಡಿದ್ದಕ್ಕೆ ಎಂಬಿ ಎಂದು, ಫೋರ್ಡ್ ಮಾಡಿದ್ದಕ್ಕೆ ಜಿಪಿಡಬ್ಲ್ಯು ಎಂದು ಹೆಸರು. ಎಂಜಿನ್ ಎರಡಕ್ಕೂ ಒಂದೇ ನಕ್ಷೆಯದು: ನಾಲ್ಕು ಸಿಲಿಂಡರು, 2.2 ಲೀಟರು, 60 ಅಶ್ವಶಕ್ತಿ. ಬರ್ಮಾ ಗಡಿಯ ಯುದ್ಧದಲ್ಲಿ, 1944ರ ಇಂಫಾಲ ಮತ್ತು ಕೊಹಿಮಾ ಕಾಳಗಗಳಲ್ಲಿ, ಈ ಜೀಪುಗಳು ಕೆಸರಿನಲ್ಲಿ ಓಡಾಡಿದವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಗಾಡಿಗಳನ್ನು ನಮ್ಮ ದೇಶದಲ್ಲಿ ಮಾರಿದರು. ಜನ ಅವನ್ನು ಡಿಸ್ಪೋಸಲ್ ಜೀಪು ಎಂದು ಕರೆದರು. ನಮ್ಮದೂ ಅಂಥದ್ದೇ. ಎಂಜಿನ್ನಿನ ಮೇಲೆ ಎಂಬಿ ಎಂಬ ಅಕ್ಷರ ಈಗಲೂ ಕಾಣುತ್ತದೆ.

ಇನ್ನು ಕೊಳವೆಯ ವಿಷಯ. ಎಂಜಿನ್ನಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಹೊಗೆಯೆಲ್ಲ ಸೈಲೆನ್ಸರಿನಿಂದಲೇ ಹೋಗುವುದಿಲ್ಲ. ಪಿಸ್ಟನ್ ರಿಂಗುಗಳ ಸಂದಿನಿಂದ ಸ್ವಲ್ಪ ಕೆಳಕ್ಕೆ ನುಸುಳಿ ಎಣ್ಣೆ ಇರುವ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ತಪ್ಪಿದ್ದಲ್ಲ. ಆ ಹೊಗೆಯಲ್ಲಿ ಉರಿಯದ ಪೆಟ್ರೋಲು, ನೀರಿನ ಆವಿ, ಹುಳಿ ಅಂಶ ಎಲ್ಲ ಇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಏರಿ, ಸೀಲುಗಳ ಸಂದಿನಿಂದ ಎಣ್ಣೆಯನ್ನು ಹೊರಗೆ ದಬ್ಬುತ್ತದೆ. ಆವಿ ಎಣ್ಣೆಯಲ್ಲಿ ಬೆರೆತು ಮಜ್ಜಿಗೆ ಬಣ್ಣದ ರಾಡಿಯಾಗುತ್ತದೆ.

ಆ ಕಾಲದ ಸಾಧಾರಣ ಕಾರುಗಳಲ್ಲಿ ಇದಕ್ಕೆ ಸುಲಭದ ಉಪಾಯವಿತ್ತು. ಎಂಜಿನ್ನಿನ ಮಗ್ಗುಲಿನಿಂದ ಒಂದು ಕೊಳವೆಯನ್ನು ನೆಲದ ಕಡೆಗೆ ಇಳಿಬಿಡುತ್ತಿದ್ದರು. ಗಾಡಿ ಓಡುವಾಗ ಗಾಳಿಯ ಸೆಳೆತಕ್ಕೆ ಹೊಗೆ ಹೊರಬಂದು ರಸ್ತೆಗೆ ಬೀಳುತ್ತಿತ್ತು. ಗಾಡಿ ನಿಂತರೆ ಸೆಳೆತವೂ ನಿಂತಿತು. ಪೇಟೆಯ ಕಾರಿಗೆ ಅಷ್ಟು ಸಾಕು. ಆದರೆ ಹೊಳೆ ದಾಟುವ ಸೈನ್ಯದ ಗಾಡಿಗೆ ಆ ಕೊಳವೆಯೇ ಶತ್ರು, ಅದರಿಂದಲೇ ನೀರು ಒಳಗೆ ನುಗ್ಗೀತು.

ಆದ್ದರಿಂದ ಜೀಪಿನಲ್ಲಿ ಬೇರೆ ಕ್ರಮ ಮಾಡಿದರು. ಏರ್ ಕ್ಲೀನರಿನಲ್ಲಿ ಸೋಸಿದ ಗಾಳಿಯ ಒಂದು ಪಾಲು ರಬ್ಬರ್ ಹೋಸಿನ ಮೂಲಕ ಎಣ್ಣೆ ಹೊಯ್ಯುವ ಕೊಳವೆಗೆ ಬರುತ್ತದೆ. ಅಲ್ಲಿಂದ ಕ್ರ್ಯಾಂಕ್ ಕೇಸಿಗೆ ಇಳಿದು, ಹೊಗೆಯನ್ನು ಕೂಡಿಕೊಂಡು, ಟ್ಯಾಪೆಟ್ ಕವರಿನಿಂದ ಹೊರಡುವ ಇನ್ನೊಂದು ಕೊಳವೆಯಲ್ಲಿ ಮೇಲೇರಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುತ್ತದೆ. ಎಂಜಿನ್ ತನ್ನ ಹೊಗೆಯನ್ನು ತಾನೇ ಎಳೆದು ಮತ್ತೆ ಉರಿಸುತ್ತದೆ. ಮ್ಯಾನಿಫೋಲ್ಡಿನ ಬಳಿ ಸ್ಪ್ರಿಂಗ್ ಇರುವ ಹೆಬ್ಬೆರಳಿನಷ್ಟು ವಾಲ್ವು ಒಂದಿದೆ. ಎಂಜಿನ್ ನಿಧಾನ ನಡೆಯುವಾಗ ಸೆಳೆತ ಜೋರು, ಆಗ ವಾಲ್ವು ದಾರಿಯನ್ನು ಕಿರಿದು ಮಾಡುತ್ತದೆ. ಆಕ್ಸಿಲರೇಟರ್ ತುಳಿದರೆ ಸೆಳೆತ ತಗ್ಗಿ ಸ್ಪ್ರಿಂಗು ದಾರಿಯನ್ನು ಅಗಲ ಮಾಡುತ್ತದೆ. 1944ರ ಫೆಬ್ರವರಿಯಲ್ಲಿ ಅಮೆರಿಕ ಸೈನ್ಯ ಈ ಜೀಪಿನ ದುರಸ್ತಿಗೆಂದು ಹೊರಡಿಸಿದ ಕೈಪಿಡಿಯಲ್ಲಿ ಈ ವಾಲ್ವಿನ ಬಗ್ಗೆಯೂ ಬರೆದಿದ್ದಾರೆ.

ನಮ್ಮ ಜೀಪಿನ ಬಾನೆಟ್ ಎತ್ತಿ ನೋಡಿದರೆ ಇದೊಂದೂ ಇರಲಿಲ್ಲ. ವಾಲ್ವು ಇರಬೇಕಾದ ತೂತಿಗೆ ಬೋಲ್ಟು ತಿರುಪಿದ್ದರು. ಟ್ಯಾಪೆಟ್ ಕವರಿನ ಕೊಳವೆಯನ್ನು ಬಡಿದು ಚಪ್ಪಟೆ ಮಾಡಿದ್ದರು. ರಬ್ಬರ್ ಹೋಸು ಹೋದ ಜಾಗಕ್ಕೆ ಬಟ್ಟೆ ತುರುಕಿ ಟಾರು ಮೆತ್ತಿದ್ದರು. ಬಾಯಿ ಮೂಗು ಎರಡನ್ನೂ ಕಟ್ಟಿ ಗುಡ್ಡ ಹತ್ತು ಎಂದ ಹಾಗೆ! ಯಾವಾಗಲೋ ವಾಲ್ವು ಕಿಟ್ಟ ಹಿಡಿದು ತೆರೆದೇ ನಿಂತು, ಗಾಳಿ ಹೆಚ್ಚಾಗಿ, ಐಡಲಿನಲ್ಲಿ ಎಂಜಿನ್ ಆರಿಹೋಗುತ್ತಿದ್ದಿರಬೇಕು. ಮಾಡಿದವರು ಅದನ್ನು ಬಂದ್ ಮಾಡಿ ಬಚಾವಾದೆವು ಎಂದುಕೊಂಡಿರಬೇಕು. ಇದು ನಮ್ಮ ಊಹೆ. ಅವರನ್ನು ದೂರುವುದಿಲ್ಲ. ಅದು ಯಾತಕ್ಕೆ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ, ನಮಗೂ ಯಾರೂ ಹೇಳಿರಲಿಲ್ಲ.

ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿದೆವು. ಹೆಚ್ಚುಕಡಿಮೆ ಒಂದೇ ಸಮ ಬಂತು. ರಿಂಗು ಪೂರ್ತಿ ಸವೆದಿದ್ದರೆ ಕೊಳವೆ ಸರಿಮಾಡಿ ಪ್ರಯೋಜನವಿರಲಿಲ್ಲ. ಆಮೇಲೆ ಟ್ಯಾಪೆಟ್ ಕವರ್ ಬಿಚ್ಚಿ ರಾಡಿ ಕೆರೆದು, ಒಳಗಿನ ತಡೆ ತಗಡನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಹೊಗೆಯ ಜೊತೆ ಎಣ್ಣೆ ಹನಿ ಮೇಲೆ ಹೋಗದ ಹಾಗೆ ತಡೆಯುವುದು ಆ ತಗಡು. ಅದಿಲ್ಲದಿದ್ದರೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಖಂಡಿತ. ಕಾರ್ಕ್ ಪ್ಯಾಕಿಂಗ್ ಹೊಸದು ಹಾಕಿದೆವು. ತಾಮ್ರದ ಕೊಳವೆ ಬಗ್ಗಿಸಿ ಕೂರಿಸಿದೆವು. ವಾಲ್ವು ಮಾತ್ರ ಸಿಗಲಿಲ್ಲ. ಸಿಕ್ಕಿದ ಯಾವುದೋ ಕಾರಿನ ವಾಲ್ವು ಹಾಕಿದರೆ ಅದರ ದಾರಿಯ ಅಳತೆ ಬೇರೆ, ಐಡಲ್ ನಿಲ್ಲುವುದಿಲ್ಲ. ಮೂರು ತಿಂಗಳು ಹುಡುಕಿದ ಮೇಲೆ ಗುಜರಿ ಅಂಗಡಿಯೊಂದರಲ್ಲಿ ಇದೇ ಎಂಜಿನ್ನಿನ, ಯುದ್ಧಾನಂತರದ ಜೀಪಿನ ವಾಲ್ವು ದೊರಕಿತು. ಬಿಚ್ಚಿ, ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಸ್ಪ್ರಿಂಗು ಸಲೀಸಾಗಿ ಆಡುವಂತೆ ಮಾಡಿ ಹಾಕಿದೆವು.

ಎಂಜಿನ್ ಚಾಲೂ ಮಾಡಿ, ಎಣ್ಣೆ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಸಂಘದ ಹಳೇ ರಸೀದಿಯ ಹಾಳೆಯೊಂದನ್ನು ಇಟ್ಟೆವು. ಮೊದಲು ಅಲ್ಲಿಂದ ಹೊಗೆ ಉಗುಳುತ್ತಿತ್ತು. ಈಗ ಹಾಳೆ ಮೆಲ್ಲಗೆ ಒಳಕ್ಕೆ ಎಳೆದು ಅಂಟಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಹಾಳೆಯನ್ನು ಎರಡು ಸಲ ಕಿತ್ತು ಮತ್ತೆ ಇಟ್ಟು ನೋಡಿದರು. “ಇಷ್ಟು ವರ್ಷ ನಾನೂ ಇದನ್ನು ಮುಚ್ಚಿಕೊಂಡೇ ಬಂದೆ ಮಾರಾಯ್ರೆ” ಎಂದರು. ಅವರ ದೊಡ್ಡತನಕ್ಕೆ ನಾವು ಕೈಮುಗಿಯಬೇಕು.

ಎಣ್ಣೆ ಸೋರುವುದು ಪೂರ್ತಿ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿಗೆ ನಾಲ್ಕಾರು ಹನಿ ಈಗಲೂ ಬೀಳುತ್ತದೆ. ಎಷ್ಟೋ ವರ್ಷ ಒತ್ತಡ ತಿಂದ ಸೀಲು ಮೊದಲಿನಂತಾಗದು. ಆದರೆ ತೊಳೆದು ಹಾಕಿದ ಕ್ಲಚ್ಚು ಜಾರುವುದಿಲ್ಲ, ಎಣ್ಣೆ ರಾಡಿಯಾಗುವುದಿಲ್ಲ. ರಿಬೋರಿಗೆ ಹೇಳಿದ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲೂ ಖರ್ಚಾಗಲಿಲ್ಲ.

ಈ ಕೊಳವೆಯ ಕಥೆ ಸೈನ್ಯದಲ್ಲೇ ಮುಗಿಯಲಿಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ನಗರದ ಕಣ್ಣುರಿಯ ಹೊಗೆಮಂಜಿಗೆ ವಾಹನಗಳ ಉರಿಯದ ಪೆಟ್ರೋಲು ಆವಿಯೂ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ರಸ್ತೆಗೆ ಹೊಗೆ ಬಿಡುವ ಕೊಳವೆಯ ಪಾಲೂ ಅದರಲ್ಲಿತ್ತು. ಆಗ ಜೀಪಿನಲ್ಲಿದ್ದಂಥದೇ ವ್ಯವಸ್ಥೆಯನ್ನು 1961ರಲ್ಲಿ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೂ, 1963ರ ಹೊತ್ತಿಗೆ ಅಮೆರಿಕದ ಎಲ್ಲ ಕಡೆಯ ಹೊಸ ಕಾರುಗಳಿಗೂ ಹಾಕಿದರು. ಹೊಳೆ ದಾಟಲೆಂದು ಬಂದದ್ದು ಊರಿನ ಗಾಳಿ ಕಾಯಲು ಒದಗಿತು.

ಸದಸ್ಯ ಬಾಂಧವರಲ್ಲಿ ಒಂದು ಅರಿಕೆ. ನಿಮ್ಮ ಪಂಪ್‌ಸೆಟ್ಟು, ಟಿಲ್ಲರು, ಟ್ರ್ಯಾಕ್ಟರಿನ ಎಂಜಿನ್ನಿಗೂ ಬ್ರೀದರ್ ಇರುತ್ತದೆ. ಎಣ್ಣೆ ಸೋರಿದರೆ ಸೀಲು ಬದಲಿಸುವ ಮುಂಚೆ ಅದು ಕಟ್ಟಿದೆಯೋ ನೋಡಿ. ಯಾತಕ್ಕೆಂದು ತಿಳಿಯದ ಭಾಗವನ್ನು ಮುಚ್ಚುವ ಮುಂಚೆ ನಾಲ್ಕು ಜನರನ್ನು ಕೇಳಿ. ನಮ್ಮ ಸಂಘದ ಮಹಾಸಭೆಯಲ್ಲಿಯೂ ಏರುದನಿಯಲ್ಲಿ ಪ್ರಶ್ನೆ ಕೇಳುವವರು ಇದ್ದಾರೆ. ಅವರ ಬಾಯಿ ಮುಚ್ಚಿಸದೆ ಇಪ್ಪತ್ತೈದು ವರ್ಷ ನಡೆದುಬಂದಿದ್ದೇವೆ, ಸಂಘ ಗಟ್ಟಿಯಾಗಿದೆ. ಬೆಳ್ಳಿಹಬ್ಬದ ಮೆರವಣಿಗೆಯಲ್ಲಿ ಜೀಪು ಮುಂದೆ ಹೋಗುತ್ತದೆ. ಎಲ್ಲರೂ ಬನ್ನಿ.