ಒಂಬತ್ತು ಗಂಟೆಯ ಗೇಟು

ಹೋದ ತಿಂಗಳು ಊರಿಗೆ ಹೋದಾಗ ಒಂದು ಸಂಜೆ ಚಿಕ್ಕಪ್ಪನ ಜೊತೆ ಗುಂಡ್ಲುಪೇಟೆಯಿಂದ ಮದ್ದೂರು ಚೆಕ್‌ಪೋಸ್ಟ್ ತನಕ ಬೈಕಲ್ಲಿ ಹೋಗಿದ್ದೆ. ಒಂಬತ್ತಕ್ಕೆ ಇನ್ನೇನು ಎರಡು ನಿಮಿಷ ಇರುವಾಗ ಕೇರಳದ ಕಾರೊಂದು ಓಡಿಬಂದು ದಾಟಿಕೊಂಡಿತು. ಹಿಂದೆಯೇ ಬಂದ ಲಾರಿಗೆ ಗೇಟು ಬಿತ್ತು. ಡ್ರೈವರ್ ಏನೂ ಮಾತಾಡದೆ ಇಂಜಿನ್ ಆಫ್ ಮಾಡಿ ಕೆಳಗಿಳಿದ. ಇನ್ನು ಬೆಳಿಗ್ಗೆ ಆರಕ್ಕೇ. ಚಿಕ್ಕಪ್ಪ ಆ ಲಾರಿಯನ್ನೇ ನೋಡುತ್ತಾ ನಿಂತುಬಿಟ್ಟರು.

ಅವರೂ ಲಾರಿ ಓಡಿಸಿದವರೇ. ತೆರಕಣಾಂಬಿ ಮಾರ್ಕೆಟ್ಟಿಂದ ತರಕಾರಿ ತುಂಬಿಕೊಂಡು ರಾತ್ರಿ ಹೊರಟರೆ ಮೂಲೆಹೊಳೆ, ಮುತ್ತಂಗ, ಸುಲ್ತಾನ್ ಬತ್ತೇರಿ ದಾಟಿ, ತಾಮರಶ್ಶೇರಿ ಘಾಟಿ ಇಳಿದು ಬೆಳಗಾಗುವಷ್ಟರಲ್ಲಿ ಕಲ್ಲಿಕೋಟೆ. 2009ರಲ್ಲಿ ಈ ಗೇಟು ಬಂತು. ಎರಡು ವರ್ಷದಲ್ಲಿ ಲಾರಿ ಮಾರಿದರು. ನನಗಾಗ ಹನ್ನೆರಡು ವರ್ಷ. ಮನೆಯಲ್ಲಿ ಕಾಡಿನ ಮಾತು ಬಂದರೆ ಸಾಕು, ಬೈಗುಳ :-)

ಈ ಗೇಟಿನ ಕಥೆ ಎಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಹೋದೆ. ಅದು ತುಂಬಾ ಹಿಂದಕ್ಕೆ ಹೋಯ್ತು.

1931ರಲ್ಲಿ ಮೈಸೂರು ಮಹಾರಾಜರು ಬಂಡೀಪುರದಲ್ಲಿ 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಿದರು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರ್‌ಗೆ ಬೆಳೆಸಿ, ನಮ್ಮ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಕರೆದರು. ಅದಕ್ಕೆ ಒಂದು ವರ್ಷ ಮುಂಚೆ, 1940ರಲ್ಲಿ, ಪಕ್ಕದ ಮುದುಮಲೈಯನ್ನು ಮದ್ರಾಸ್ ಸರ್ಕಾರ ಅಭಯಾರಣ್ಯ ಮಾಡಿತ್ತು. ವಯನಾಡು ಕೂಡ ಆಗ ಮದ್ರಾಸಿನ ಮಲಬಾರ್ ಜಿಲ್ಲೆಯಲ್ಲೇ ಇತ್ತು. ಅಂದರೆ ಇಡೀ ಕಾಡಿಗೆ ಇಬ್ಬರೇ ಯಜಮಾನರು.

1956ರ ನವೆಂಬರ್ 1ಕ್ಕೆ ಮೂವರಾದರು. ವಯನಾಡು ಕೇರಳಕ್ಕೆ ಹೋಯ್ತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮಾತ್ರ ಅಲ್ಲೇ ಉಳಿಯಿತು. ಅಣ್ಣಾವ್ರ ಗಾಜನೂರು ಇವತ್ತಿಗೂ ತಮಿಳುನಾಡಿನಲ್ಲಿರೋದು ಇದಕ್ಕೇ. ಚಾಮರಾಜನಗರದವರಿಗೆ ಅದು ಪಕ್ಕದೂರು, ನಕ್ಷೆಯಲ್ಲಿ ಬೇರೆ ರಾಜ್ಯ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಲ್ಲಿಂದ ಹೊತ್ತೊಯ್ದಾಗ ಎರಡೂ ಸರ್ಕಾರಗಳು ಒಟ್ಟಿಗೆ ಕೂರಲೇಬೇಕಾಯ್ತು. 108 ದಿನ!

ಕಾಡಿಗೋಸ್ಕರ ಮೂರೂ ರಾಜ್ಯಗಳನ್ನು ಕಾಗದದ ಮೇಲೆ ಒಟ್ಟು ಸೇರಿಸಿದ್ದು 1986ರಲ್ಲಿ. ಭಾರತದ ಮೊದಲ ಜೀವಗೋಳ ಮೀಸಲು, ನೀಲಗಿರಿಯದ್ದು, 5,520 ಚದರ ಕಿಲೋಮೀಟರ್. 2000ದಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆದರೆ ಕಾವಲುಗಾರರು, ವೈರ್‌ಲೆಸ್, ಬಜೆಟ್ಟು ಎಲ್ಲಾ ಮೂರು ಕಡೆ ಬೇರೆ ಬೇರೆಯೇ. ಆನೆಗಳಿಗೆ ಇದ್ಯಾವುದೂ ಗೊತ್ತಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಒಣಗಿದರೆ ನೀರು, ಮೇವು ಹುಡುಕಿಕೊಂಡು ಕಬಿನಿ ಹಿನ್ನೀರಿಗೋ ವಯನಾಡಿಗೋ ನಡೆದುಬಿಡುತ್ತವೆ. ಹುಲಿಗಳೂ ಅಷ್ಟೇ. 2018ರ ಗಣತಿ ಪ್ರಕಾರ ನಾಗರಹೊಳೆಯಿಂದ ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟದವರೆಗಿನ ಈ ಒಂದೇ ಕಾಡಲ್ಲಿ ಸುಮಾರು 724 ಹುಲಿ. ಜಗತ್ತಲ್ಲಿ ಇನ್ನೆಲ್ಲೂ ಒಂದೇ ಕಡೆ ಇಷ್ಟಿರಲಿಲ್ಲ.

ಈಗ ಗೇಟಿಗೆ ಬರೋಣ. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಬಂಡೀಪುರದೊಳಗಿನ ಎರಡು ಹೆದ್ದಾರಿಗಳಲ್ಲಿ, ಕಲ್ಲಿಕೋಟೆ ರಸ್ತೆ ಮತ್ತು ಊಟಿ ರಸ್ತೆಯಲ್ಲಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿದರು. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೆ. ಒತ್ತಡ ಬಂದು ಕೆಲವೇ ದಿನದಲ್ಲಿ ಆದೇಶ ವಾಪಸಾಯ್ತು. ವಿಷಯ ಹೈಕೋರ್ಟಿಗೆ ಹೋಗಿ ನಿಷೇಧ ಮತ್ತೆ ಬಂತು, 2010ರ ಮಾರ್ಚ್‌ನಲ್ಲಿ ಖಾಯಂ ಆಯ್ತು. ಆಂಬುಲೆನ್ಸಿಗೆ, ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯ್ತಿ. ಕೇರಳ ಸುಪ್ರೀಂ ಕೋರ್ಟಿಗೆ ಹೋಯ್ತು. 2019ರಲ್ಲಿ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತರು. ಅವರ ದೃಷ್ಟಿಯಿಂದ ನೋಡಿ, ಇದು ನೆರೆಯವನು ನಮ್ಮನ್ನು ಕೇಳದೆ ಹಾಕಿದ ಬೀಗ. ನಮ್ಮ ಪರಿಸರಪ್ರಿಯರಿಗೆ ಇದು ಗೆಲುವು. ನಮ್ಮ ಮನೆಗೆ, ಮಾರಿದ ಲಾರಿ.

ನಿಜವಾದ ಪಾಠ ಸಿಕ್ಕಿದ್ದು 2024ರಲ್ಲಿ. ಹಾಸನ ಜಿಲ್ಲೆಯಲ್ಲಿ ಹಿಡಿದು, ರೇಡಿಯೋ ಕಾಲರ್ ಹಾಕಿ, ಮೂಲೆಹೊಳೆ ಕಡೆ ಬಿಟ್ಟಿದ್ದ ಒಂದು ಮಕ್ನಾ ಆನೆ (ಮಕ್ನಾ ಅಂದರೆ ದಂತವಿಲ್ಲದ ಗಂಡಾನೆ) ಗಡಿ ದಾಟಿತು. ಫೆಬ್ರವರಿ 10ರಂದು ಮಾನಂದವಾಡಿ ಹತ್ತಿರ ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಕುತ್ತಿಗೆಯಲ್ಲಿ ಕಾಲರ್ ಇತ್ತು, ಆದರೆ ಅದರ ಸಂಕೇತದ ಮಾಹಿತಿ ನಮಗೆ ಸರಿಯಾದ ಹೊತ್ತಿಗೆ ಸಿಗಲಿಲ್ಲ ಅಂತ ಕೇರಳ ದೂರಿತು. ಇದನ್ನು ಓದಿ ನನಗೆ ಆಫೀಸೇ ನೆನಪಾಯ್ತು. ಡೇಟಾ ಇರುತ್ತೆ, ಪಕ್ಕದ ಟೀಮಿಗೆ ಆಕ್ಸೆಸ್ ಇರಲ್ಲ. ನಮ್ಮಲ್ಲಿ ಹಾಗಾದರೆ ಒಂದು ರಿಲೀಸ್ ತಡ ಆಗುತ್ತೆ, ಅಷ್ಟೇ. ಅಲ್ಲಿ ಒಂದು ಮನೆಯ ಯಜಮಾನನೇ ಹೋದ.

ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 10ಕ್ಕೆ, ಬಂಡೀಪುರದಲ್ಲಿ ಸಭೆ ಸೇರಿತು. ಸಂಘರ್ಷದ ಜಾಗಗಳನ್ನು ಗುರುತಿಸೋದು, ಮಾಹಿತಿ ತಡವಿಲ್ಲದೆ ಹಂಚಿಕೊಳ್ಳೋದು, ಒಟ್ಟಿಗೆ ಕೆಲಸ ಮಾಡೋದು ಅಂತ ಒಪ್ಪಂದ ಆಯ್ತು. 1986ರ ನಕ್ಷೆಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಯಾಕಂದರೆ ಇದು ಆಚೆ ಕಡೆಯ ರೇಂಜರ್‌ಗೆ ಫೋನ್ ಮಾಡೋ ಕೆಲಸ. ಮೂರು ರಾಜ್ಯ ಸೇರಿ ಕಾಡು ಉಳಿಸೋದು ಅಂದರೆ ಕೊನೆಗೆ ಇಷ್ಟೇ ಅನ್ನಿಸುತ್ತೆ. ಆದರೆ ಆ ಫೋನು ಸಾವಿಗೆ ಮುಂಚೆ ಹೋಗಬೇಕು. ಗೇಟು ಹಾಕುವಾಗಲೂ ಅಷ್ಟೇ, ಆಚೆಯವರನ್ನೂ, ಲಾರಿಯವರನ್ನೂ ಮೊದಲು ಕೂರಿಸಿಕೊಂಡು ಮಾತಾಡಿದ್ದರೆ ಇಷ್ಟು ವರ್ಷದ ಜಗಳ ಇರುತ್ತಿತ್ತಾ?

ವಾಪಸು ಬರುವಾಗ ಚಿಕ್ಕಪ್ಪನನ್ನು ಕೇಳಿದೆ, "ಗೇಟು ತೆಗೆದ್ರೆ ಮತ್ತೆ ಲಾರಿ ತಗೋತೀರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದ್ ರಾತ್ರಿ ಲೈಟಿಗೆ ಅಡ್ಡ ಒಂದ್ ಜಿಂಕೆ ನಿಂತ್ಬುಡ್ತು ಕನ ಮಗ. ಬ್ರೇಕ್ ಹಾಕ್ದೆ, ಆಗ್ನಿಲ್ಲ. ಲೋಡ್ ಇತ್ತಲ್ಲ, ನಿಲ್ಲಿಸ್ದಂಗೆ ಹೊಂಟೋದೆ."

ಹದಿನೈದು ವರ್ಷ ಬೈದವರು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಗೇಟು ಇರಲಿ ಅಂತಲೂ ಹೇಳಲಿಲ್ಲ, ತೆಗೀಲಿ ಅಂತಲೂ ಹೇಳಲಿಲ್ಲ. ಮನೆ ಬರೋವರೆಗೂ ಬೇರೆ ಮಾತೇ ಆಗಲಿಲ್ಲ.

ಆ ರಸ್ತೆಯಲ್ಲಿ ಓಡಾಡಿದವರು ನಿಮ್ಮಲ್ಲಿ ತುಂಬಾ ಜನ ಇರಬಹುದು. ನೀವೇನಂತೀರಿ?