ಸೋರಿಹೋಗುವ ಪೆನಿಸಿಲಿನ್ ಮತ್ತು ಕಾರ್ಲ್ ಬೇಯರ್

1941ರ ಫೆಬ್ರವರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಆಸ್ಪತ್ರೆಯೊಂದರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚಲಾಯಿತು. ಮುಖದ ತುಂಬ ಕೀವಾಗಿ, ಒಂದು ಕಣ್ಣನ್ನೇ ಕಳೆದುಕೊಂಡಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಜ್ವರ ಇಳಿಯಿತು, ಊಟ ಸೇರತೊಡಗಿತು. ಆದರೆ ಫ್ಲೋರಿಯವರ ತಂಡದ ಬಳಿ ಇದ್ದ ಔಷಧವೇ ಮುಗಿದುಹೋಯಿತು. ರೋಗಿಯ ಮೂತ್ರವನ್ನು ಸೈಕಲ್ ಮೇಲೆ ಪ್ರಯೋಗಶಾಲೆಗೆ ಒಯ್ದು, ಅದರಲ್ಲಿದ್ದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವನಿಗೇ ಕೊಟ್ಟರು. ಅದೂ ಸಾಲಲಿಲ್ಲ. ಮಾರ್ಚ್ 15ರಂದು ಆತ ತೀರಿಕೊಂಡ.

ಕೊಟ್ಟ ಔಷಧ ಇಷ್ಟು ಬೇಗ ಮೂತ್ರಕ್ಕೆ ಸೇರುವುದೇಕೆ? ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಲೋಮನಾಳಗಳ ಗುಚ್ಛದಲ್ಲಿ ರಕ್ತ ಸೋಸಿ, ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ನಳಿಕೆಗಳಿಗೆ ಇಳಿಯುತ್ತದೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಮರಳಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗುತ್ತದೆ. ಮೂತ್ರಪಿಂಡದ ಕೆಲಸ ಇಷ್ಟೇ, ಸೋಸುವುದು ಮತ್ತು ಹೀರಿಕೊಳ್ಳುವುದು ಎಂದು ಅನೇಕ ಪಂಡಿತರು ನಂಬಿದ್ದರು. ಅಮೆರಿಕದ ಇ. ಕೆ. ಮಾರ್ಷಲ್ 1923ರಲ್ಲಿ ನಾಯಿಗಳಿಗೆ ಬಣ್ಣದ ಒಂದು ರಾಸಾಯನಿಕ ಕೊಟ್ಟು ನೋಡಿದರು. ಸೋಸುವಿಕೆಯಿಂದ ಬರಬಹುದಾದುದಕ್ಕಿಂತ ಹೆಚ್ಚು ಬಣ್ಣ ಮೂತ್ರದಲ್ಲಿತ್ತು. ಮುಂದೆ, ಸೋಸುವ ಗುಚ್ಛಗಳೇ ಇಲ್ಲದ ಕೆಲವು ಕಡಲ ಮೀನುಗಳೂ ಬಣ್ಣವನ್ನು ಹೊರಹಾಕುವುದನ್ನು ಅವರು ತೋರಿಸಿದರು. ನಳಿಕೆಯ ಗೋಡೆಯ ಕೋಶಗಳು ಕೆಲವು ವಸ್ತುಗಳನ್ನು ರಕ್ತದಿಂದ ತಾವಾಗಿಯೇ ಎಳೆದು ಹೊರದೂಡುತ್ತವೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು! ಪೆನಿಸಿಲಿನ್ ಹೋಗುವುದೂ ಮುಖ್ಯವಾಗಿ ಇದೇ ದಾರಿಯಲ್ಲಿ.

ಈ ದಾರಿಗೆ ಅಡ್ಡಗಟ್ಟಬಹುದೇ ಎಂದು ಕೇಳಿದವರು ಕಾರ್ಲ್ ಬೇಯರ್. ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್ ಪಡೆದು, ವೈದ್ಯ ಪದವಿಯನ್ನೂ ಮುಗಿಸಿ, 1943ರಲ್ಲಿ ಅವರು ಶಾರ್ಪ್ ಅಂಡ್ ಡೋಮ್ ಎಂಬ ಔಷಧ ಕಂಪನಿ ಸೇರಿದ್ದರು. ಯುದ್ಧಕಾಲ, ಪೆನಿಸಿಲಿನ್‌ನ ಪ್ರತಿ ಹನಿಗೂ ಬೆಲೆಯಿತ್ತು. ಅದೇ ನಳಿಕೆಯ ಬಾಗಿಲಲ್ಲಿ ಸಾಗುವ ಮತ್ತೊಂದು ವಸ್ತುವನ್ನು ಜೊತೆಗೆ ಕೊಟ್ಟರೆ ನೂಕುನುಗ್ಗಲಾಗಿ ಪೆನಿಸಿಲಿನ್ ಒಳಗೇ ಉಳಿಯಬೇಕು, ಎಂಬುದು ಅವರ ತರ್ಕ. ಪ್ಯಾರಾ ಅಮಿನೋ ಹಿಪ್ಪ್ಯೂರಿಕ್ ಆಮ್ಲದೊಂದಿಗೆ 1944ರಲ್ಲಿ ಇದು ನಿಜವಾಯಿತು. ಆದರೆ ಆ ಆಮ್ಲವನ್ನು ರಕ್ತನಾಳಕ್ಕೆ ಹೇರಳವಾಗಿ ಹನಿಸುತ್ತಲೇ ಇರಬೇಕಿತ್ತು. ಮುಂದಿನ ಔಷಧ ಕ್ಯಾರಿನಮೈಡನ್ನು ನುಂಗಬಹುದಿತ್ತು, ಆದರೆ ದಿನಕ್ಕೆ ಹಲವು ಗ್ರಾಂ ಬೇಕಾಗುತ್ತಿತ್ತು. ಕೊನೆಗೆ ಪ್ರೊಬೆನೆಸಿಡ್ ಬಂದಿತು: ಸಣ್ಣ ಮಾತ್ರೆ, ಸುರಕ್ಷಿತ. ಇದರ ವರದಿ 1951ರಲ್ಲಿ ಪ್ರಕಟವಾಗುವ ವೇಳೆಗೆ ಪೆನಿಸಿಲಿನ್ ಅಗ್ಗವಾಗಿಬಿಟ್ಟಿತ್ತು!

ಶ್ರಮ ವ್ಯರ್ಥವಾಗಲಿಲ್ಲ. ಪ್ರೊಬೆನೆಸಿಡ್ ಯೂರಿಕ್ ಆಮ್ಲ ರಕ್ತಕ್ಕೆ ಮರಳದಂತೆಯೂ ತಡೆಯುತ್ತದೆ. ಹಾಗಾಗಿ ಗೌಟ್ ಎಂಬ ಕೀಲುನೋವಿಗೆ ಮದ್ದಾಯಿತು.

ಬೇಯರ್ ಅವರ ಎರಡನೆಯ ಸಾಹಸ ಉಪ್ಪಿನದು. ಹೃದಯ ಸೋತು ಕಾಲು ಊದಿಕೊಂಡವರಿಗೆ ಆಗ ಪಾದರಸದ ಚುಚ್ಚುಮದ್ದು ಕೊಡುತ್ತಿದ್ದರು. ನೀರೇನೋ ಇಳಿಯುತ್ತಿತ್ತು, ಆದರೆ ಪಾದರಸ ಮೂತ್ರಪಿಂಡಕ್ಕೇ ವಿಷ. ಸಲ್ಫಾ ಔಷಧಗಳೂ ಸೋಡಿಯಂ ಹೊರಹಾಕಬಲ್ಲವೆಂದು ತಿಳಿದಿತ್ತು. ಆದರೆ ಅದು ಬೈಕಾರ್ಬೊನೇಟ್ ಜೊತೆಗೆ ಹೋಗಿ ರಕ್ತದ ಆಮ್ಲೀಯತೆ ಏರುತ್ತಿತ್ತು. ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪೇ ಹೊರಬರಬೇಕೆಂದು ಬೇಯರ್ ಪಟ್ಟು ಹಿಡಿದರು. ರಸಾಯನಜ್ಞರಾದ ಸ್ಪ್ರೇಗ್ ಮತ್ತು ನೊವೆಲ್ಲೊ ಹೊಸ ಹೊಸ ಸಂಯುಕ್ತಗಳನ್ನು ತಯಾರಿಸುವುದು, ಬೇಯರ್ ಮತ್ತು ಬೇರ್ ಅವುಗಳನ್ನು ನಾಯಿಗಳ ಮೇಲೆ ಪರೀಕ್ಷಿಸುವುದು, ಹೀಗೆ ವರ್ಷಗಳೇ ಕಳೆದವು. ಒಮ್ಮೆ ನೊವೆಲ್ಲೊ ಅವರ ಕ್ರಿಯೆಯಲ್ಲಿ ನಿರೀಕ್ಷಿಸದ ಉಂಗುರಾಕಾರದ ಅಣು ರೂಪುಗೊಂಡಿತು. ಅದೇ ಕ್ಲೋರೋಥಯಜೈಡ್. 1958ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ರಕ್ತದೊತ್ತಡವನ್ನೂ ಇಳಿಸುತ್ತದೆಂದು ಅಷ್ಟರಲ್ಲೇ ಗೊತ್ತಾಗಿತ್ತು.

1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಂದ ಬಂದ ವರದಿ ವೈದ್ಯರ ಕಣ್ಣು ತೆರೆಸಿತು. ತೀವ್ರ ರಕ್ತದೊತ್ತಡವಿದ್ದ 143 ಪುರುಷರಲ್ಲಿ ಅರ್ಧದಷ್ಟು ಮಂದಿಗೆ ಹುಸಿ ಮಾತ್ರೆ, ಉಳಿದವರಿಗೆ ಥಯಜೈಡ್ ಸಹಿತ ಮೂರು ಔಷಧ. ಹುಸಿ ಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ಗಂಭೀರ ಅನಾಹುತವಾದರೆ, ಔಷಧ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಆ ಮೂರರಲ್ಲಿ ಒಂದಾದ ರಿಸರ್ಪಿನ್ ನಮ್ಮ ಸರ್ಪಗಂಧದ ಬೇರಿನ ಸಾರವೆಂಬುದನ್ನು ನೀವು ಗಮನಿಸಬೇಕು. 1975ರಲ್ಲಿ ಬೇಯರ್ ಮತ್ತು ಅವರ ಮೂವರು ಸಹೋದ್ಯೋಗಿಗಳಿಗೆ ಲ್ಯಾಸ್ಕರ್ ಪ್ರಶಸ್ತಿ ದೊರೆಯಿತು.

ಪ್ರೊಬೆನೆಸಿಡ್ ಏನಾಯಿತು? ಉದ್ದೀಪನ ಮದ್ದನ್ನು ಮೂತ್ರದಲ್ಲಿ ಕಾಣದಂತೆ ಮಾಡಲು ಕ್ರೀಡಾಪಟುಗಳು ಅದನ್ನು ಬಳಸತೊಡಗಿದ್ದರಿಂದ ಒಲಿಂಪಿಕ್ ನಿಷೇಧಕ್ಕೂ ಒಳಗಾಯಿತು. ಆದರೆ 1996ರಲ್ಲಿ, ಏಡ್ಸ್ ರೋಗಿಗಳ ಕಣ್ಣು ಕುರುಡಾಗಿಸುವ ವೈರಸ್ಸಿಗೆ ಸಿಡೋಫೋವಿರ್ ಎಂಬ ಔಷಧ ಬಂದಾಗ ಅದಕ್ಕೆ ಹೊಸ ಕೆಲಸ ಸಿಕ್ಕಿತು. ಸಿಡೋಫೋವಿರ್ ನಳಿಕೆಯ ಅದೇ ಬಾಗಿಲಿನಿಂದ ಕೋಶದೊಳಗೆ ನುಗ್ಗಿ ಅದನ್ನು ಹಾಳುಮಾಡುತ್ತದೆ. ಆದ್ದರಿಂದ ಆ ಚುಚ್ಚುಮದ್ದಿಗೆ ಮೂರು ಗಂಟೆ ಮೊದಲೇ ರೋಗಿಗೆ ಪ್ರೊಬೆನೆಸಿಡ್ ನುಂಗಿಸುತ್ತಾರೆ.