ಮೂವತ್ತು ದಿನಗಳ ನಿಯಮ

ಯಾವುದೇ ಪಂದ್ಯಕ್ಕೆ ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಪುಸ್ತಕದಲ್ಲಿರುವ ಎರಡು ನಿಯಮಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ, ಇನ್ನೊಂದರ ಪುಟವನ್ನೇ ತೆರೆಯದಿದ್ದರೆ ಏನಾಗುತ್ತದೆ? ಅಮೆರಿಕದ ಜಿಮ್ ಥಾರ್ಪ್ ಎಂಬ ವಿದ್ಯಾರ್ಥಿಗೆ ಆದದ್ದು ಅದೇ. ಆ ಎರಡನೆಯ ಪುಟ ಬೆಳಕಿಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಥಾರ್ಪ್ ತೀರಿಕೊಂಡು ಇಪ್ಪತ್ತೊಂಬತ್ತು ವರ್ಷಗಳಾಗಿದ್ದವು.

ಥಾರ್ಪ್ ಅಮೆರಿಕದ ಮೂಲನಿವಾಸಿಗಳ ಪೈಕಿ ಸ್ಯಾಕ್ ಅಂಡ್ ಫಾಕ್ಸ್ ಪಂಗಡದವನು. ಹುಟ್ಟಿದ್ದು ಇಂದಿನ ಓಕ್ಲಹೋಮ ರಾಜ್ಯದಲ್ಲಿ. ಜೊತೆಯಲ್ಲೇ ಹುಟ್ಟಿದ ಅವಳಿ ತಮ್ಮ ಚಿಕ್ಕಂದಿನಲ್ಲೇ ತೀರಿಕೊಂಡ. ಓದಲು ಇವನನ್ನು ಕಳುಹಿಸಿದ್ದು ದೂರದ ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಗೆ. 1879ರಲ್ಲಿ ಶುರುವಾದ ಆ ಶಾಲೆಯ ಉದ್ದೇಶವೇ ಮೂಲನಿವಾಸಿಗಳ ಮಕ್ಕಳಿಂದ ಅವರ ಭಾಷೆ, ಉಡುಪು, ನಡಾವಳಿ ಎಲ್ಲವನ್ನೂ ಬಿಡಿಸುವುದು. ಸೇರಿದ ದಿನವೇ ಕೂದಲು ಕತ್ತರಿಸುತ್ತಿದ್ದರು. ಮೂರು ದಶಕ ಮಕ್ಕಳ ನಡುವೆ ಕಳೆದ ನನಗೆ, ಕೂದಲು ಕಳೆದುಕೊಂಡು ಅಳುತ್ತ ನಿಂತ ಆ ಮಕ್ಕಳನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಆಟದ ಬಯಲಿನಲ್ಲಿ ಆ ಶಾಲೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳನ್ನೇ ಸೋಲಿಸುತ್ತಿತ್ತು. ಅಲ್ಲಿನ ತರಬೇತುದಾರ ಗ್ಲೆನ್ ವಾರ್ನರ್ ಬಹಳ ಹೆಸರುವಾಸಿ.

1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಥಾರ್ಪ್ ಎರಡು ಚಿನ್ನ ಗೆದ್ದ. ಐದು ಸ್ಪರ್ಧೆಗಳ ಪೆಂಟಾಥ್ಲಾನ್‌ನಲ್ಲಿ ನಾಲ್ಕರಲ್ಲಿ ಅವನೇ ಮೊದಲು. ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ ಎರಡನೆಯವನಾದ ಸ್ವೀಡನ್ನಿನ ಹ್ಯೂಗೊ ವೀಸ್ಲಾಂಡರ್‌ಗಿಂತ ಸುಮಾರು 700 ಅಂಕ ಮುಂದು. ಒಂದೊಂದು ಕಾಲಿಗೆ ಒಂದೊಂದು ಬಗೆಯ ಬೂಟು ತೊಟ್ಟು ನಿಂತ ಅವನ ಚಿತ್ರ ಇಂದಿಗೂ ಇದೆ. ಅವನ ಬೂಟುಗಳನ್ನು ಯಾರೋ ಕದ್ದಿದ್ದರಂತೆ.

ಮರುವರ್ಷ ಜನವರಿಯಲ್ಲಿ ಮೆಸಾಚುಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದ ಪತ್ರಿಕೆಯೊಂದು ಒಂದು ಸುದ್ದಿ ಹಾಕಿತು. 1909 ಮತ್ತು 1910ರ ಬೇಸಿಗೆಯಲ್ಲಿ ಥಾರ್ಪ್ ನಾರ್ತ್ ಕೆರೊಲಿನದ ರಾಕಿ ಮೌಂಟ್ ಊರಿನ ತಂಡದಲ್ಲಿ ಹಣ ಪಡೆದು ಬೇಸ್‌ಬಾಲ್ ಆಡಿದ್ದ ಎಂಬುದೇ ಆ ಸುದ್ದಿ. ಯಾವುದೇ ಆಟಕ್ಕೆ ದುಡ್ಡು ತೆಗೆದುಕೊಂಡವನು ಹವ್ಯಾಸಿಯಲ್ಲ, ಹವ್ಯಾಸಿಯಲ್ಲದವನಿಗೆ ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲ. ನಿಯಮ ಇದ್ದದ್ದು ನಿಜ, ಅವನು ಆಡಿದ್ದೂ ನಿಜ. ಸಿಕ್ಕಿದ ಹಣವೆಷ್ಟು? ಆಟಕ್ಕೆ 2 ಡಾಲರ್ ಎಂದು ಕೆಲವರು, ವಾರಕ್ಕೆ 35 ಡಾಲರ್ ಎಂದು ಕೆಲವರು ಬರೆದಿದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಬೇಸಿಗೆ ರಜೆಯಲ್ಲಿ ಇಂಥ ತಂಡಗಳಿಗೆ ಆಡಿ ನಾಲ್ಕು ಕಾಸು ಸಂಪಾದಿಸುವುದು ಆಗಿನ ಕಾಲೇಜು ಹುಡುಗರಲ್ಲಿ ವಾಡಿಕೆಯಾಗಿತ್ತು. ಜಾಣರು ಸುಳ್ಳು ಹೆಸರು ಕೊಟ್ಟು ಆಡಿ, ರಜೆ ಮುಗಿದ ಮೇಲೆ ತಮ್ಮ ಹೆಸರಿನಲ್ಲಿ ಕಾಲೇಜಿಗೆ ಮರಳಿ ‘ಹವ್ಯಾಸಿ’ಗಳಾಗಿಯೇ ಉಳಿಯುತ್ತಿದ್ದರು. ಥಾರ್ಪ್ ಮಾತ್ರ ತನ್ನ ಹೆಸರನ್ನೇ ಬರೆಸಿದ. ಹಾಗಾಗಿ ಸಿಕ್ಕಿಬಿದ್ದ.

ಆಮೇಲೆ ನಡೆದದ್ದು ಇನ್ನೂ ನೋವಿನ ಮಾತು. ಅಮೆರಿಕದ ಹವ್ಯಾಸಿ ಕ್ರೀಡಾ ಒಕ್ಕೂಟದ ಕಾರ್ಯದರ್ಶಿ ಜೇಮ್ಸ್ ಸಲಿವನ್, ತರಬೇತುದಾರ ವಾರ್ನರ್ ಇಬ್ಬರೂ ತಮಗೇನೂ ಗೊತ್ತಿರಲಿಲ್ಲ ಎಂದು ಕೈ ತೊಳೆದುಕೊಂಡರು. ತಾನು ಇಂಥ ವಿಷಯಗಳನ್ನು ತಿಳಿಯದ ಬರಿಯ ಇಂಡಿಯನ್ ಶಾಲಾ ಹುಡುಗ, ಕ್ಷಮಿಸಬೇಕು ಎಂಬ ಅರ್ಥದ ಪತ್ರವೊಂದು ಥಾರ್ಪ್‌ನ ಸಹಿಯೊಡನೆ ಸಲಿವನ್ ಕೈಸೇರಿತು. ಅದನ್ನು ಬರೆಸಿದ್ದು ವಾರ್ನರ್ ಎಂದೇ ಚರಿತ್ರಕಾರರು ಹೇಳುತ್ತಾರೆ. ಹೀಗೆ ಕೈ ತೊಳೆದುಕೊಂಡ ವಾರ್ನರ್ ತಮ್ಮ ಆಟಗಾರರಿಗೆ ಶಾಲೆಯ ಕ್ರೀಡಾನಿಧಿಯಿಂದಲೇ ಹಣ ಹಂಚುತ್ತಿದ್ದರೆಂಬುದು 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿದಾಗ ಬಯಲಾಯಿತು. ಅವರಿಗೇನಾಯಿತು ಎನ್ನುತ್ತೀರಾ? ಅಲ್ಲಿಂದ ಬಿಟ್ಟು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ತರಬೇತುದಾರರಾಗಿ ಹೋದರು, ಅಷ್ಟೆ.

ಥಾರ್ಪ್ ಪದಕಗಳನ್ನು ಹಿಂದಿರುಗಿಸಿದ. ದಾಖಲೆಯಿಂದ ಅವನ ಹೆಸರು ಅಳಿಸಿಹೋಯಿತು.

ಈ ಹವ್ಯಾಸಿ ನಿಯಮದ ಬೇರು ಇರುವುದು ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ. ಅಲ್ಲಿನ ಹೆನ್ಲಿ ದೋಣಿ ಪಂದ್ಯದಲ್ಲಿ ಕೂಲಿ ಕೆಲಸ ಮಾಡಿದವರಿಗೆ 1937ರವರೆಗೂ ಪ್ರವೇಶವಿರಲಿಲ್ಲ. ಸಿನಿಮಾ ತಾರೆ ಗ್ರೇಸ್ ಕೆಲ್ಲಿಯ ಹೆಸರು ನೀವು ಕೇಳಿರುತ್ತೀರಿ. ಆಕೆಯ ತಂದೆ ಗಾರೆ ಕೆಲಸದಿಂದ ಮೇಲೆ ಬಂದವರು. 1920ರಲ್ಲಿ ಹೆನ್ಲಿಯವರು ಅವರನ್ನು ಸೇರಿಸಿಕೊಳ್ಳಲಿಲ್ಲ. ಕೊಟ್ಟ ಕಾರಣಗಳಲ್ಲಿ ಈ ಕೂಲಿಯ ನಿಯಮವೂ ಒಂದು. ಅದೇ ವರ್ಷ ಅವರು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು ನೋಡಿ! ಮನೆಯಲ್ಲಿ ಉಣ್ಣಲು ಉಡಲು ಬೇಕಾದಷ್ಟಿದ್ದವನಿಗೆ ಹವ್ಯಾಸಿಯಾಗಿರುವುದು ಏನು ಕಷ್ಟ?

ಸ್ಟಾಕ್‌ಹೋಮ್‌ನಲ್ಲಿ ಥಾರ್ಪ್‌ನ ಜೊತೆಯಲ್ಲೇ ಪೆಂಟಾಥ್ಲಾನ್‌ನಲ್ಲಿ ಸ್ಪರ್ಧಿಸಿ ಹಿಂದೆ ಬಿದ್ದ ಅಮೆರಿಕದವನೊಬ್ಬನಿದ್ದ, ಏವರಿ ಬ್ರಂಡೇಜ್. ಆತನೇ 1952ರಿಂದ 1972ರವರೆಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ. ಥಾರ್ಪ್‌ನ ಪದಕಗಳನ್ನು ಹಿಂದಿರುಗಿಸಿ ಎಂದು ಕೇಳಿದವರಿಗೆಲ್ಲ ಆತ ಸೊಪ್ಪು ಹಾಕಲಿಲ್ಲ. ಸೋವಿಯತ್ ದೇಶದ ಆಟಗಾರರು ಸರ್ಕಾರದ ಖರ್ಚಿನಲ್ಲೇ ವರ್ಷವಿಡೀ ತರಬೇತಿ ಪಡೆದು ಹವ್ಯಾಸಿಗಳೆಂದು ಬಂದು ಆಡಿ ಹೋಗುತ್ತಿದ್ದದ್ದು ಅದೇ ಕಾಲದಲ್ಲಿ. 1972ರಲ್ಲಿ ಜಪಾನಿನ ಸಪ್ಪೊರೊ ಚಳಿಗಾಲದ ಕೂಟದಲ್ಲಿ, ಸ್ಕೀ ತಯಾರಕರ ಹಣ ಪಡೆದ ಆರೋಪ ಹಲವರ ಮೇಲಿದ್ದರೂ ಹೊರಬಿದ್ದವನು ಆಸ್ಟ್ರಿಯಾದ ಕಾರ್ಲ್ ಶ್ರಾಂಟ್ಸ್ ಒಬ್ಬನೇ. ಉಳಿದವರು ಆಡಿದರು.

ಇನ್ನು ಆ ಎರಡನೆಯ ಪುಟದ ವಿಷಯ. ಥಾರ್ಪ್‌ನ ಜೀವನಚರಿತ್ರೆ ಬರೆದ ರಾಬರ್ಟ್ ವೀಲರ್ ಅವರ ಹೆಂಡತಿ ಫ್ಲಾರೆನ್ಸ್ ರಿಡ್ಲನ್. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಬೃಹತ್ ಗ್ರಂಥಾಲಯದಲ್ಲಿ ಹುಡುಕಿ ಹುಡುಕಿ ಆಕೆಗೆ 1982ರಲ್ಲಿ ಕಪಾಟಿನ ಹಿಂದೆ ಬಿದ್ದಿದ್ದ ಒಂದು ಪುಟ್ಟ ಪುಸ್ತಿಕೆ ಸಿಕ್ಕಿತು. ಅದು 1912ರ ಕೂಟದ ನಿಯಮಾವಳಿ. ಯಾವುದೇ ಸ್ಪರ್ಧಿಯ ಅರ್ಹತೆಯ ಬಗ್ಗೆ ತಕರಾರಿದ್ದರೆ ಕೂಟ ಮುಗಿದ ಮೂವತ್ತು ದಿನಗಳೊಳಗೆ ಸಲ್ಲಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಥಾರ್ಪ್‌ನ ಮೇಲಿನ ದೂರು ಬಂದದ್ದು ಆರು ತಿಂಗಳ ನಂತರ. ನಮ್ಮಲ್ಲಿ ಪರೀಕ್ಷೆಯ ಮರುಎಣಿಕೆಗೆ ಅರ್ಜಿ ಹಾಕಲು ಒಂದು ದಿನ ತಡವಾದರೆ ಮಕ್ಕಳು ಅತ್ತು ಕರೆದರೂ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಆರು ತಿಂಗಳ ತಡ ಯಾರ ಕಣ್ಣಿಗೂ ಬೀಳಲಿಲ್ಲ. ನಿಯಮ ಬರೆದವರಿಗೇ ನಿಯಮ ಮರೆತಿತ್ತೆ, ಅಥವಾ ನೆನಪಿಸುವವರಿರಲಿಲ್ಲವೆ? ಒಬ್ಬ ಹೆಣ್ಣುಮಗಳು ಧೂಳು ಕೊಡವಿ ಆ ಪುಸ್ತಿಕೆಯನ್ನು ಹೊರತೆಗೆದಳಲ್ಲ ಎಂದು ನನಗೆ ಬಹಳ ಹೆಮ್ಮೆ.

ಅದೇ ವರ್ಷ ಅಕ್ಟೋಬರಿನಲ್ಲಿ ಸಮಿತಿ ಥಾರ್ಪ್‌ನ ಪದಕಗಳನ್ನು ಹಿಂದಿರುಗಿಸಲು ಒಪ್ಪಿತು. 1983ರ ಜನವರಿಯಲ್ಲಿ ಅವನ ಮಕ್ಕಳಿಗೆ ಪದಕಗಳ ಪ್ರತಿಕೃತಿಗಳನ್ನು ಕೊಟ್ಟರು. ಆದರೂ ದಾಖಲೆಯಲ್ಲಿ ಅವನು ಜಂಟಿ ವಿಜೇತ ಮಾತ್ರ. 700 ಅಂಕ ಹಿಂದೆ ಇದ್ದವನೂ ಪಕ್ಕದಲ್ಲೇ ನಿಂತಿದ್ದ. ಥಾರ್ಪ್‌ನೊಬ್ಬನೇ ವಿಜೇತನೆಂದು ಸಮಿತಿ ಘೋಷಿಸಿದ್ದು 2022ರ ಜುಲೈ 15ರಂದು, ಅವನು ಡೆಕಾಥ್ಲಾನ್ ಗೆದ್ದು ಸರಿಯಾಗಿ 110 ವರ್ಷಕ್ಕೆ. ಅದಕ್ಕೆ ಮೊದಲು ಸಮಿತಿಯವರು ವೀಸ್ಲಾಂಡರ್ ಕುಟುಂಬದವರನ್ನು ಕೇಳಿದರು. ಥಾರ್ಪ್‌ನೇ ನಿಜವಾದ ವಿಜೇತನೆಂದು ವೀಸ್ಲಾಂಡರ್ ಕೊನೆಯವರೆಗೂ ನಂಬಿದ್ದರೆಂದು ಅವರು ತಿಳಿಸಿದರು.